ಪೊಟ್ಟಣದ ಮಗು

"ಮಂಡಿ ಒಂಚೂರು ಬಗ್ಸು ಅಂದ್ನಲ್ಲ. ಅಷ್ಟೊಂದಲ್ಲ ಕಣೇ, ಕುಂಟಿ ಅಂದ್ಕೋತಾರೆ. ಒಂಚೂರು."

ಮಾವಿನ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದ ಹವಾ ಮಂಡಿಯನ್ನು ಒಂಚೂರು ಬಗ್ಗಿಸಿದಳು. ಅವಳ ತಾಯಿ ರುಕಿಯಾ ಹಿಂದಕ್ಕೆ ಸರಿದು, ಸಂತೆಯಲ್ಲಿ ಕುರಿ ನೋಡುವವರ ಹಾಗೆ ತಲೆ ವಾಲಿಸಿ ನೋಡಿದಳು.

"ಹಾಂ, ಹಂಗೆ. ಬಟ್ಟೆ ಒಳಗೆ ಕಾಣಲ್ಲ. ಆಮೇಲೆ ಅದೇನೋ ಗಾಜಿನ ಹಲಗೆ ಕೊಟ್ಟು ಆಟ ಆಡಿಸ್ತಾರಂತಲ್ಲ, ಚಿತ್ರ ಬಂದ ತಕ್ಷಣ ಬೆರಳು ಇಡೋದು, ಅಲ್ಲಿ ತಕ್ಷಣ ಇಡಬೇಡ. ಯೋಚನೆ ಮಾಡ್ದಂಗೆ ಮಾಡಿ ತಪ್ಪು ಕಡೆ ಇಡು."

"ಶಮೀಮಾ ಎಲ್ಲಾ ಸರಿ ಮಾಡ್ತಾಳೆ ಅವ್ವಾ."

"ಮಾಡ್ಲಿ. ಮಾಡ್ಲೇಬೇಕು! ಅದಕ್ಕೇ ತಾನೇ ನಿಂಗೆ ಹೇಳ್ತಿರೋದು."

ಯಾವ ತಾಯಿಯೂ ತನ್ನ ಮಗಳು ಗಿಡ್ಡಗೆ ಕಾಣಲಿ, ದಡ್ಡಿ ಎನಿಸಿಕೊಳ್ಳಲಿ ಎಂದು ಹರಕೆ ಹೊರುವುದಿಲ್ಲ. ರುಕಿಯಾ ಕೂಡ ಹೋದ ವಾರದ ತನಕ ಹಾಗೆ ಬಯಸಿದವಳಲ್ಲ. ಇಷ್ಟು ವರ್ಷ ಅವಳ ಕಣ್ಣು ಒಂದೇ ಕೆಲಸ ಮಾಡಿತ್ತು: ತಂಗಿ ಅಜೀದಾಳ ಮಗಳು ಶಮೀಮಾಳ ಪಕ್ಕದಲ್ಲಿ ತನ್ನ ಹವಾಳನ್ನು ನಿಲ್ಲಿಸಿ ನೋಡುವುದು. ಹಲ್ಲು ಯಾರಿಗೆ ಮೊದಲು ಬಂತು, ಹೆಜ್ಜೆ ಯಾರು ಮೊದಲು ಇಟ್ಟರು, ಮದರಸಾದಲ್ಲಿ ಯಾರ ಬಾಯಲ್ಲಿ ಪಾಠ ಮೊದಲು ನಿಂತಿತು. ತಾಯಿಯ ಅಂಗಳದಲ್ಲಿ ಎದುರುಬದುರು ಎರಡು ಮನೆ. ಸರೋವರದ ದಂಡೆಯ ಚಿಲಾವೆ ಊರಿನಲ್ಲಿ ಗಂಡಂದಿರು ಬರುತ್ತಾರೆ, ಹೋಗುತ್ತಾರೆ, ಅಂಗಳ ಮಾತ್ರ ಹೆಂಗಸರದ್ದು. ಅಜೀದಾಳ ಗಂಡ ಬಲೆ ಹೊತ್ತುಕೊಂಡು ಸರೋವರದ ಆಚೆ ದಂಡೆಗೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ರುಕಿಯಾಳ ಗಂಡ ಜೋಹಾನ್ಸ್‌ಬರ್ಗಿಗೆ ಕೂಲಿಗೆ ಹೋದವನು ಸುದ್ದಿ ಕಳಿಸುವುದನ್ನೂ ಬಿಟ್ಟಿದ್ದ. ಹಾಗಾಗಿ ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ರುಕಿಯಾಳ ಕಣ್ಣಿಗೆ ಮೊದಲು ಬೀಳುತ್ತಿದ್ದವಳು ತಂಗಿ.

ಇದೆಲ್ಲಕ್ಕೂ ಮೂಲ ಒಂದು ಲಕೋಟೆ. ಮಕ್ಕಳಿಬ್ಬರೂ ಆರು ತಿಂಗಳ ಕೂಸುಗಳಾಗಿದ್ದಾಗ ಆಸ್ಪತ್ರೆಯ ಜಗಲಿಯಲ್ಲಿ ತಾಯಂದಿರ ಸಾಲು ನಿಂತಿತ್ತು. ಪಟ್ಟಣದಿಂದ ಬಂದ ಡಾಕ್ಟರುಗಳು ಕೆಲವು ಮಕ್ಕಳಿಗೆ ದಿನಾ ಗಂಜಿಗೆ ಕಲಸಿ ತಿನ್ನಿಸಲು ಕಡ್ಲೆಕಾಯಿ ಲೇಹ್ಯದ ಪೊಟ್ಟಣ ಕೊಡುತ್ತಿದ್ದರು. ಉಳಿದ ಮಕ್ಕಳಿಗೆ ಬರೀ ಅಳತೆ. ಯಾರಿಗೆ ಯಾವುದು ಎಂದು ಡಾಕ್ಟರು ಹೇಳುವುದಿಲ್ಲ, ತಾಯಿಯ ಕೈಯೇ ಹೇಳಬೇಕು. ಅಂಟು ಹಾಕಿದ ಲಕೋಟೆಗಳನ್ನು ಹರಡಿ ಹಿಡಿದಾಗ ಒಂದನ್ನು ಎಳೆಯಬೇಕು. ರುಕಿಯಾ ಮುಂದೆ, ಅಜೀದಾ ಹಿಂದೆ. ಸರದಿ ಬಂತು ಅನ್ನುವಷ್ಟರಲ್ಲಿ ಹವಾ ತಾಯಿಯ ಬಟ್ಟೆಯ ತುಂಬ ಹೇತುಕೊಂಡಳು. "ನೀನು ಹೋಗೇ, ತೊಳ್ಕೊಂಡು ಬರ್ತೀನಿ" ಎಂದು ರುಕಿಯಾ ಬೋರ್‌ವೆಲ್ ಕಡೆ ಓಡಿದಳು. ಅಜೀದಾ ಎಳೆದ ಲಕೋಟೆಯಲ್ಲಿ ಪೊಟ್ಟಣ ಬಂತು. ರುಕಿಯಾ ಎಳೆದದ್ದರಲ್ಲಿ ಅಳತೆ ಮತ್ತು ಒಂದು ಸೋಪು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಷ್ಟೊಂದು ಲಕೋಟೆಗಳಲ್ಲಿ ನೀನು ಅದನ್ನೇ ಎಳೆಯುತ್ತಿದ್ದೆ ಎಂದು ಏನು ಗ್ಯಾರಂಟಿ ಎಂದು ರುಕಿಯಾಳನ್ನು ಕೇಳುವ ಧೈರ್ಯ ಮಾತ್ರ ಊರಿನಲ್ಲಿ ಯಾರಿಗೂ ಇರಲಿಲ್ಲ. ಜನ ಶಮೀಮಾಳನ್ನು 'ಪೊಟ್ಟಣದ ಮಗು' ಎಂದು ಕರೆದರು. ಶಮೀಮಾ ತರಗತಿಗೆ ಮೊದಲು ಬಂದರೆ ರುಕಿಯಾ, "ಓದಿದ್ದು ಅವಳಲ್ಲ ಬಿಡಿ, ಪೊಟ್ಟಣ" ಎನ್ನುತ್ತಿದ್ದಳು. ಹವಾ ಲೆಕ್ಕದಲ್ಲಿ ತಪ್ಪಿದರೆ, "ನನ್ನ ಮಗಳ ತಪ್ಪಲ್ಲ, ನನ್ನ ಕೈ ತಪ್ಪು" ಎನ್ನುತ್ತಿದ್ದಳು. ಈ ಮಾತು ಕೇಳಿ ಕೇಳಿ ಹವಾ ತಾನೇ ಅದನ್ನು ಹೇಳಲು ಕಲಿತಿದ್ದಳು. ಮೇಷ್ಟ್ರು ಪ್ರಶ್ನೆ ಕೇಳಿದರೆ, "ನಾನು ಪೊಟ್ಟಣ ತಿಂದಿಲ್ಲ ಸಾರ್" ಎಂದು ಇಡೀ ತರಗತಿಯನ್ನು ನಗಿಸುತ್ತಿದ್ದಳು.

ಈಗ ಹುಡುಗಿಯರಿಬ್ಬರೂ ಎಂಟನೆಯ ತರಗತಿ ಪಾಸಾಗಿದ್ದರು, ಶಮೀಮಾಳಿಗೆ ಸ್ವಲ್ಪ ಹೆಚ್ಚು ಅಂಕ. ಮುಂದೆ ಓದಬೇಕಾದರೆ ಬೋಮಾ ಪಟ್ಟಣಕ್ಕೇ ಹೋಗಬೇಕು. ಅಲ್ಲಿ ದೋಣಿಯ ಇಂಜಿನ್ ರಿಪೇರಿ ಮಾಡುತ್ತಿದ್ದ ಅಕ್ಕತಂಗಿಯರ ಅಣ್ಣ ಯಾಸಿನಿ ಹೋದ ವಾರ ಹೇಳಿ ಕಳಿಸಿದ್ದ: ನನ್ನದು ಒಂದೇ ಕೋಣೆ, ಒಬ್ಬಳನ್ನು ಇಟ್ಟುಕೊಂಡು ಓದಿಸುತ್ತೇನೆ, ಯಾರೆಂದು ಶನಿವಾರ ಬಂದು ತೀರ್ಮಾನ ಮಾಡುತ್ತೇನೆ. ಅಕ್ಕತಂಗಿಯರ ಮಕ್ಕಳ ವಿಷಯದಲ್ಲಿ ಸೋದರಮಾವ ಹೇಳಿದ ಮೇಲೆ ಮುಗಿಯಿತು, ಅಪ್ಪಂದಿರನ್ನು ಯಾರೂ ಕೇಳುವುದಿಲ್ಲ. ರುಕಿಯಾ ರಾತ್ರಿಯೆಲ್ಲ ಹೊರಳಾಡಿ ಒಂದು ನ್ಯಾಯ ಹುಡುಕಿಕೊಂಡಳು. ಆಗ ಅವಳಿಗೆ ಸಿಕ್ಕಿತು, ಈಗ ಇವಳಿಗೆ ಸಿಗಲಿ. ಪೊಟ್ಟಣ ತಿಂದ ಹುಡುಗಿ ಎಲ್ಲಿದ್ದರೂ ಬದುಕಿಕೊಳ್ಳುತ್ತಾಳೆ, ತಿನ್ನದವಳನ್ನು ಮೇಲೆತ್ತಬೇಕು. ಇದಕ್ಕೆ ಸಾಕ್ಷಿ ಬೇಕಲ್ಲ? ದೇವರೇ ಕಳಿಸಿದ ಹಾಗೆ, ಅಂದು ಪೊಟ್ಟಣ ಕೊಟ್ಟವರು ಮಕ್ಕಳು ಹೇಗೆ ಬೆಳೆದಿದ್ದಾರೆ ನೋಡುತ್ತೇವೆಂದು ಶುಕ್ರವಾರವೇ ಬರುವವರಿದ್ದರು.

ಊರ ಮುಖ್ಯಸ್ಥನ ಅಂಗಳದಲ್ಲಿ ಅಳತೆಯ ಹಲಗೆ ನಿಲ್ಲಿಸಿದ್ದರು. ಅಂದು ತಾಯಂದಿರ ತೊಡೆಯ ಮೇಲೆ ಇದ್ದ ಕೂಸುಗಳು ಈಗ ಮೀಸೆ ಚಿಗುರಿದ ಹುಡುಗರು, ಎದೆಗೆ ಕೈ ಕಟ್ಟಿ ನಾಚುವ ಹುಡುಗಿಯರು. ಬೆರಳು ಚುಚ್ಚಿ ರಕ್ತ ತೆಗೆಯುವ ಕಡೆ ಮಾತ್ರ ಗಲಾಟೆ. "ಹೀರ್ಕೊಂಡು ಹೋಗಿ ಮಾರ್ಕೋತಾರೆ ಕಣ್ರೋ" ಎಂದು ಒಬ್ಬ ಕಿರುಚುವುದು, ಉಳಿದವರು ಬಿದ್ದು ಬಿದ್ದು ನಗುವುದು.

ಶಮೀಮಾಳ ಅಳತೆ ಆಯಿತು. ಆಮೇಲೆ ಹವಾ ಹಲಗೆಗೆ ಬೆನ್ನು ಕೊಟ್ಟು ನಿಂತು, ತಾಯಿಯ ಕಡೆ ಒಂದು ಸಲ ನೋಡಿ, ಮಂಡಿ ಬಗ್ಗಿಸಿದಳು.

"ಯಾಕಮ್ಮಾ, ಮಂಡಿ ನೋವಾ?" ಅಳತೆಯವರ ಮುಖ್ಯಸ್ಥೆ ಚಿಸಾಲೆ ಮೇಡಂ ಕೇಳಿದರು.

"ಇಲ್ಲ ಮೇಡಂ."

"ಮತ್ತೆ ನೆಟ್ಟಗೆ ನಿಲ್ಲು. ಹಿಮ್ಮಡಿ ಹಲಗೆಗೆ ತಾಗ್ಲಿ." ಮೇಡಂ ತಾವೇ ಕೂತು ಅವಳ ಮಂಡಿಯನ್ನು ಅಂಗೈಯಿಂದ ಹಿಂದಕ್ಕೆ ಒತ್ತಿ ಹಿಡಿದರು. ತಲೆಯ ಮೇಲಿನ ಪಟ್ಟಿ ಸರಸರನೆ ಮೇಲೆ ಹೋಯಿತು. ಶಮೀಮಾಳಿಗಿಂತ ಎರಡು ಬೆರಳು ಎತ್ತರ.

"ಅಯ್ಯೋ ರುಕಿಯಾ, ನಿನ್ನ ಬರೀ ಅಳತೆ ಪೊಟ್ಟಣಕ್ಕಿಂತ ಉದ್ದ ಬೆಳ್ದೈತಲ್ಲೇ!" ಎಂದು ಹಿಂದಿನಿಂದ ಒಬ್ಬಳು ಕೂಗಿದಳು. ಹೆಂಗಸರೆಲ್ಲ ಗೊಳ್ಳೆಂದರು.

ಒಂದು ಕ್ಷಣ ರುಕಿಯಾಳ ಎದೆ ಉಬ್ಬಿತು. ಹದಿನಾಲ್ಕು ವರ್ಷ ಕಾದದ್ದು ಇದಕ್ಕೇ ಅಲ್ಲವೇ? ಮರುಕ್ಷಣವೇ, ನಾಳೆ ಅಣ್ಣನ ಮುಂದೆ ಏನು ಹೇಳಲಿ ಎಂದು ಅದೇ ಎದೆ ಧಸಕ್ಕೆಂದಿತು. ಪಾಪದವಳಿಗೆ ಸಂತೋಷವೂ ಬೇಡದ ಹೊತ್ತಿಗೇ ಬರಬೇಕೇ.

ಗಾಜಿನ ಹಲಗೆಯ ಆಟವನ್ನು ಒಳಗೆ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಆಡಿಸುತ್ತಿದ್ದರು. ರುಕಿಯಾ ಕಿಟಕಿಯ ಹೊರಗೆ ನಿಂತಳು. ಮೊದಲ ಎರಡು ಚಿತ್ರಕ್ಕೆ ಹವಾ ಹೇಳಿಕೊಟ್ಟ ಹಾಗೆ ತಡ ಮಾಡಿದಳು. ಮೂರನೆಯದಕ್ಕೆ ಹಲಗೆ ಪೀಂ ಎಂದು ಹಂಗಿಸಿತು. ಹುಡುಗಿಗೆ ಅವಮಾನವಾಯಿತೇನೋ, ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಮುಂದಕ್ಕೆ ಬಗ್ಗಿದಳು. ಆಮೇಲೆ ಅವಳ ಬೆರಳು ನಿಲ್ಲಲೇ ಇಲ್ಲ. ರುಕಿಯಾ ಕೆಮ್ಮಿದಳು. ಮತ್ತೆ ಕೆಮ್ಮಿದಳು. ಒಳಗೆ ಆಟ ಆಡಿಸುತ್ತಿದ್ದ ಹುಡುಗ, "ಅಮ್ಮಾ, ಔಷಧಿ ಬೇಕಾದ್ರೆ ಆಸ್ಪತ್ರೆಗೆ ಹೋಗಿ" ಎಂದು ಕಿಟಕಿ ಮುಚ್ಚಿದ.

ಕೊನೆಗೆ ಅವಳು ಚಿಸಾಲೆ ಮೇಡಂ ಅವರನ್ನೇ ಹಿಡಿದಳು. "ಮೇಡಂ, ಒಂದು ಮಾತು ಹೇಳಿ ಸಾಕು. ಪೊಟ್ಟಣ ತಿನ್ನದೆ ನನ್ನ ಮಗಳಿಗೆ ನಷ್ಟ ಆಗಿದೆ ಅಂತ. ನಮ್ಮಣ್ಣ ನಿಮ್ಮ ಮಾತು ನಂಬ್ತಾನೆ."

"ಒಂದು ಮಗು ನೋಡಿ ಹಂಗೆಲ್ಲ ಹೇಳೋಕಾಗಲ್ಲಮ್ಮ. ಎಲ್ಲಾ ಮಕ್ಕಳದ್ದೂ ಒಟ್ಟಿಗೆ ಹಾಕಿ ನೋಡ್ಬೇಕು. ಆವಾಗ್ಲೂ ಒಂಚೂರು ಆ ಕಡೆ, ಒಂಚೂರು ಈ ಕಡೆ ಅಂತ ಗೊತ್ತಾಗುತ್ತೆ, ಅಷ್ಟೇ."

"ಅಷ್ಟಕ್ಕೆ ಇಷ್ಟು ವರ್ಷ ಬೇಕಾಯ್ತಾ?" ಎಂದು ರುಕಿಯಾ ಬಾಯಿಬಿಟ್ಟೇ ಕೇಳಿದಳು. ಮೇಡಂ ನಕ್ಕು, ಎಲ್ಲ ತಾಯಂದಿರಿಗೆ ಕೊಟ್ಟ ಹಾಗೆ ಅವಳಿಗೂ ಸಕ್ಕರೆಯ ಪೊಟ್ಟಣ ಕೊಟ್ಟರು.

ಅಂಗಳಕ್ಕೆ ಕಾಲಿಡುವ ಹೊತ್ತಿಗೆ ಅವಳ ತಲೆಯಲ್ಲಿ ಹೊಸ ನ್ಯಾಯ ತಯಾರಾಗಿತ್ತು. ಅಜೀದಾ ಚಾಪೆಯ ಮೇಲೆ ಒಣಗಿದ ಮೀನಿನ ಮರಳು ಕೊಡವುತ್ತಿದ್ದಳು. ಊರೆಲ್ಲ ಅಬಿತಿ ಜುಮಾ ಎಂದು ಕರೆಯುವ ಅವರ ತಾಯಿ ಗೋಡೆಗೆ ಒರಗಿ ಕೂತಿದ್ದಳು.

"ಏನೇ ಅಜೀದಾ, ನಿನ್ನ ಮಗಳಿಗೆ ಅಂತ ಕೊಟ್ಟ ಪೊಟ್ಟಣ ಎಲ್ಲಿ ಹೋಯ್ತೇ? ಅವಳು ತಿಂದಿದ್ರೆ ನನ್ನ ಮಗಳಿಗಿಂತ ಗಿಡ್ಡ ಯಾಕಾಗ್ತಿದ್ಳು? ದಂಡೆ ಮೇಲೆ ಮಾರ್ಕೊಂಡ್ಯಾ? ನೀನೇ ನೆಕ್ಕೊಂಡ್ಯಾ? ನಾಳೆ ಅಣ್ಣ ಬರ್ಲಿ, ಕೇಳಿಸ್ತೀನಿ."

ಅಜೀದಾ ತಲೆ ಎತ್ತಲಿಲ್ಲ. ಮುದುಕಿ ಮಾತಾಡಿದಳು.

"ನಿನ್ನ ಮಗಳ ಹೊಟ್ಟೆಗೇ ಹೋಯ್ತು ಕಣೇ."

"ಏನು?"

"ಬುಟ್ಟಿ ಹೊತ್ಕೊಂಡು ಮೀನು ಮಾರೋಕೆ ಹೋಗ್ತಿದ್ದೆಯಲ್ಲ, ಕೂಸನ್ನ ಯಾರ ಹತ್ರ ಬಿಟ್ಟು ಹೋಗ್ತಿದ್ದೆ? ಒಂದು ಬಟ್ಟಲು ಗಂಜಿ, ಅದರೊಳಗೆ ಪೊಟ್ಟಣ ಹಿಂಡ್ತಿದ್ದಳು ಇವಳು. ಶಮೀಮಾಗೊಂದು ತುತ್ತು, ಹವಾಗೊಂದು ತುತ್ತು. ನಾನೇ ಇದೇ ಕೈಯಲ್ಲಿ ತಿನ್ನಿಸಿದ್ದು. ಒಂದೇ ಅಂಗಳದಾಗೆ ಒಂದು ಕೂಸಿಗೆ ಕೊಟ್ಟು ಇನ್ನೊಂದನ್ನ ಬಾಯಿ ನೋಡ್ತಾ ಕೂರಿಸೋಕೆ ನಾವೇನು ಡಾಕ್ಟರಾ?"

ರುಕಿಯಾ ಜಗಲಿಯ ಅಂಚಿಗೆ ಕೂತಳು. "ನಂಗ್ಯಾಕೆ ಹೇಳ್ಲಿಲ್ಲ?"

"ಹಂಚ್ಕೊಂಡು ತಿನ್ನಿಸಿದ್ರೆ ಹೆಸರು ಹೊಡೆದುಹಾಕ್ತೀವಿ ಅಂದಿದ್ರು. ನಿನ್ನ ಬಾಯಿಗೆ ಬೀಗ ಇತ್ತಾ? ಹೊತ್ತು ಮುಳುಗೋ ಒಳಗೆ ಇಡೀ ದಂಡೆಗೆ ಗೊತ್ತಾಗ್ತಿತ್ತು."

"ಅದು ಆವಾಗಿನ ಮಾತು. ಆಮೇಲೆ? ಇಷ್ಟು ವರ್ಷ?"

ಈಗ ಅಜೀದಾ ತಲೆ ಎತ್ತಿದಳು. "ಆಮೇಲೆ ನೀನು ಬಯ್ಯೋದು ಅಭ್ಯಾಸ ಆಗೋಯ್ತು ಅಕ್ಕಾ."

ಬೇರೆ ಯಾರಾದರೂ ಆಗಿದ್ದರೆ ತಂಗಿಯ ಕೈ ಹಿಡಿದು ಅತ್ತುಬಿಡುತ್ತಿದ್ದರು. ರುಕಿಯಾಳಿಗೆ ಅಳು ಬರಲಿಲ್ಲ, ಉರಿ ಬಂತು. ಇಷ್ಟು ವರ್ಷ ಬಾಯಿಗೆ ಬಂದಂತೆ ಬಯ್ದಿದ್ದಳು. ಇವಳು ಎಲ್ಲ ಗೊತ್ತಿದ್ದೂ ಬಯ್ಸಿಕೊಂಡಿದ್ದಳು. ಬಯ್ದಷ್ಟೂ ಬಯ್ದವಳು ಸಣ್ಣವಳಾಗಿ, ಬಯ್ಸಿಕೊಂಡವಳು ದೊಡ್ಡವಳಾಗುತ್ತಾ ಹೋಗಿದ್ದಳು. ಪೊಟ್ಟಣದ ಹೊಟ್ಟೆಕಿಚ್ಚಾದರೆ ಲಕೋಟೆಯನ್ನು ದೂರಬಹುದಿತ್ತು. ಇದಕ್ಕೆ ಯಾರನ್ನು ದೂರುವುದು? ಅದೃಷ್ಟವೂ ಅವಳದ್ದೇ, ಒಳ್ಳೆಯತನವೂ ಅವಳದ್ದೇ, ನನಗೆ ಅಂತ ದೇವರು ಇಟ್ಟದ್ದಾದರೂ ಏನು ಎಂದು ರುಕಿಯಾ ಹಲ್ಲು ಕಚ್ಚಿದಳು.

"ಅಣ್ಣಂಗೆ ಇದನ್ನ ಹೇಳಬೇಡಿ" ಎಂದಳು ಕೊನೆಗೆ.

"ನಾನ್ಯಾಕೆ ಹೇಳ್ಲಿ?" ಎಂದಳು ಮುದುಕಿ. ಅಜೀದಾ, "ಇಲ್ಲ ಅಕ್ಕಾ" ಎಂದು ಮತ್ತೆ ಮೀನಿಗೆ ಕೈ ಹಾಕಿದಳು. ನೀರಿನ ಬಕೆಟ್ ಹೊತ್ತು ಬಂದು ನಿಂತಿದ್ದ ಹವಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಯಾರೂ ಅವಳನ್ನು ನೋಡಲಿಲ್ಲ.

ಶನಿವಾರ ಮಧ್ಯಾಹ್ನದ ನಮಾಜು ಮುಗಿಸಿಕೊಂಡು ಯಾಸಿನಿ ಬಂದ. ಅಂಗಳದಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತ. ರುಕಿಯಾ ಮಂಡಿಯೂರಿ ಅವನ ಕೈಗೆ ನೀರು ಹಾಕಿದಳು, ಮೆಕ್ಕೆಜೋಳದ ಬಿಳಿ ಮುದ್ದೆ, ದೊಡ್ಡ ಮೀನಿನ ಸಾರು ಮುಂದಿಟ್ಟಳು. ಅವನು ಉಣ್ಣುತ್ತಿದ್ದಂತೆ ಚಾಪೆಯ ಮೇಲೆ ಕೂತು ತನ್ನ ನ್ಯಾಯವನ್ನು ಹೇಳಿದಳು. ಚೆನ್ನಾಗಿಯೇ ಹೇಳಿದಳು. ಲಕೋಟೆಯ ಕಥೆ, ತಿನ್ನದ ಪೊಟ್ಟಣದ ಕಥೆ, ತರಗತಿಯಲ್ಲಿ ಹವಾ ತನ್ನನ್ನೇ ಹಂಗಿಸಿಕೊಳ್ಳುವ ಕಥೆ. ಕೊನೆಯದು ನಿಜವಾದ್ದರಿಂದ ಅವಳ ದನಿಯೂ ನಿಜವಾಗಿಯೇ ನಡುಗಿತು. ಬಾಗಿಲ ಬಳಿ ಹುಡುಗಿಯರಿಬ್ಬರೂ ಒಂದೇ ಹೊಸ್ತಿಲ ಮೇಲೆ ಕೂತಿದ್ದರು.

ಯಾಸಿನಿ ಬಹಳ ಹೊತ್ತು ಅಗಿದ. "ಮಾತಿನಲ್ಲಿ ನ್ಯಾಯ ಇದೆ" ಎಂದ. "ಅಜೀದಾ, ನೀನೇನಂತೀಯ? ನಿನ್ನ ಮಗಳಿಗೆ ಅಂಕ ಹೆಚ್ಚು. ನಿನಗೂ ಹಕ್ಕಿದೆ."

ಅಜೀದಾ ಚಾಪೆಯ ಎಳೆಯನ್ನು ಕೀಳುತ್ತಾ ಕೂತಿದ್ದಳು. "ಹವಾನೇ ಹೋಗ್ಲಿ ಅಣ್ಣಾ. ನನ್ನ ಮಗಳು ಅವಳ ಪಾಲು ಆಗ್ಲೇ ತಿಂದಾಯ್ತು."

ಹೊಸ್ತಿಲ ಮೇಲೆ ಹವಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಲ್ಲಿಗೆ ಮುಗಿದಿತ್ತು. ರುಕಿಯಾ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಾಗಿತ್ತು. ಆದರೆ ಯಾಸಿನಿಯ ಕಣ್ಣು ತೇವವಾಯಿತು. ಬಂದವನು ಸುಮ್ಮನಿರಬೇಕೋ ಬೇಡವೋ?

"ನೋಡು, ಗುಣ ಅಂದ್ರೆ ಇದು" ಎಂದ. "ಇರೋದು ಒಬ್ಬಳೇ ಮಗಳು. ಆದ್ರೂ ಬಿಟ್ಟುಕೊಟ್ಟಳು. ರುಕಿಯಾ, ನೀನು ಜೀವ ಇರೋ ತನಕ ಈ ತಂಗಿ ಕಾಲು ತೊಳೆದ ನೀರು ಕುಡೀಬೇಕು."

ಮುದುಕಿ ತಲೆಯಾಡಿಸಿದಳು. ಬೇಲಿಯಾಚೆ ಕಿವಿ ಕೊಟ್ಟು ನಿಂತಿದ್ದ ಪಕ್ಕದ ಮನೆಯವಳು ಕೂಡ ತಲೆಯಾಡಿಸಿದಳು. ಅಜೀದಾ, "ಛೇ, ಬಿಡಣ್ಣಾ" ಎಂದು ಮುಖ ತಗ್ಗಿಸಿದಳು. ಆ ತಗ್ಗಿಸಿದ ಮುಖವನ್ನು ರುಕಿಯಾ ನೋಡಿದಳು. ಇನ್ನು ಮೇಲೆ ಹವಾ ಓದಿದರೆ ಅದು ಅಜೀದಾ ಓದಿಸಿದ್ದು. ಹವಾ ಕೆಲಸ ಹಿಡಿದರೆ ಅದು ಅಜೀದಾ ಕೊಡಿಸಿದ್ದು. ಕೊಡುವ ಕೈ ಯಾವತ್ತೂ ಮೇಲೆ. ತಾನು ಸಾಯುವ ತನಕ ಇದೇ ಅಂಗಳದಲ್ಲಿ, ಇದೇ ಮುಖದ ಎದುರಿಗೆ, ಕೆಳಗಿನ ಕೈಯಾಗಿ ಇರಬೇಕು.

"ಏನು ಬಿಟ್ಟುಕೊಟ್ಟಳು ಅವಳು?" ರುಕಿಯಾಳ ದನಿ ಅವಳಿಗಿಂತ ಮುಂಚೆ ಎದ್ದು ನಿಂತಿತು. "ಏನೂ ಬಿಟ್ಟುಕೊಟ್ಟಿಲ್ಲ! ನನ್ನ ಮಗಳೂ ತಿಂದಿದ್ದಾಳೆ. ಅರ್ಧಕ್ಕರ್ಧ! ಒಂದೇ ಬಟ್ಟಲಲ್ಲಿ, ಕೇಳು ಅವ್ವನ್ನ. ಮಗಳನ್ನ ಬಗಲಲ್ಲೇ ಇಟ್ಕೊಳ್ಳೋ ಆಸೆ ಇವಳಿಗೆ. ಅದಕ್ಕೆ ದಾನ ಮಾಡೋಳ ವೇಷ ಹಾಕ್ಕೊಂಡು ಕೂತವ್ಳೆ. ನಾನ್ಯಾಕೆ ಇವಳ ಕಾಲು ತೊಳೀಬೇಕು?"

ಯಾಸಿನಿ ತಾಯಿಯ ಕಡೆ ನೋಡಿದ. ಮುದುಕಿ ಸುಳ್ಳು ಹೇಳುವುದಕ್ಕೆ ಬಾಯಿ ತೆರೆದು, ಆಗದೆ, ಮುಚ್ಚಿಕೊಂಡಳು.

"ಹಂಗಾದ್ರೆ ಇಬ್ಬರೂ ಸಮ ತಿಂದವರೇ" ಎಂದ ಯಾಸಿನಿ ನಿಧಾನವಾಗಿ. ತಟ್ಟೆಯಲ್ಲೇ ಕೈ ತೊಳೆದುಕೊಂಡ. "ಸಮ ತಿಂದ ಮೇಲೆ ಅಂಕ ನೋಡಬೇಕಾಗುತ್ತೆ. ಶಮೀಮಾ, ನಿನ್ನ ಬಟ್ಟೆ ಕಟ್ಕೊ. ಬೆಳಿಗ್ಗೆ ಹೊರಡೋಣ."

"ಅಣ್ಣಾ, ನಾನು ಆಗ್ಲೇ ಹೇಳಿದ್ನಲ್ಲ, ಹವಾ..." ಎಂದು ಅಜೀದಾ ಶುರು ಮಾಡಿದಳು.

"ಸಾಕು" ಎಂದ ಅವನು. "ಈ ಅಂಗಳದಾಗೆ ಯಾರು ಏನು ಕೊಟ್ಟರೂ ಜಗಳವೇ. ಅಂಕದ ಜೊತೆ ಯಾರೂ ಜಗಳ ಆಡಲ್ಲ."

ರುಕಿಯಾ ಹೊಸ್ತಿಲ ಕಡೆ ತಿರುಗಿದಾಗ ಹವಾ ಅಲ್ಲಿರಲಿಲ್ಲ. ಶಮೀಮಾ ಒಬ್ಬಳೇ ಕೂತು ತನ್ನ ದೊಡ್ಡವ್ವನನ್ನು ನೋಡುತ್ತಿದ್ದಳು. ಆ ಹುಡುಗಿ ಅಳುತ್ತಿದ್ದಳು.

ಮರುದಿನ ಬೆಳಿಗ್ಗೆ ಬಾಡಿಗೆ ಸೈಕಲ್ಲಿನವರು ಇಬ್ಬರು ಬಂದರು. ಒಂದರ ಹಿಂದೆ ಯಾಸಿನಿ, ಇನ್ನೊಂದರ ಹಿಂದೆ ಗಂಟು ತೊಡೆಯ ಮೇಲಿಟ್ಟುಕೊಂಡ ಶಮೀಮಾ. ಅಜೀದಾ ಸೊಂಟದ ಬಟ್ಟೆಯ ಅಂಚಿಗೆ ಮುಖ ಒರೆಸಿಕೊಳ್ಳುತ್ತಾ ದಾರಿಯ ತನಕ ಹೋದಳು. ಕೇರಿಯ ಹೆಂಗಸರು ಅವಳನ್ನು ಸುತ್ತುವರಿದು, "ಓದೋಕೆ ಹೋಗ್ತಾಳೆ ಕಣೇ, ಸಾಯೋಕಲ್ಲ" ಎಂದು ಬೆನ್ನು ಸವರಿದರು. ರುಕಿಯಾ ತನ್ನ ಬಾಗಿಲಲ್ಲಿ ನಿಂತು ನೋಡಿದಳು. ಮಗಳನ್ನು ಓದಲು ಕಳಿಸಿ ಹೀಗೆ ನಾಲ್ಕು ಜನರ ನಡುವೆ ಅಳಲಿಕ್ಕೂ ಪುಣ್ಯ ಮಾಡಿರಬೇಕು ಎನ್ನಿಸಿತು. ಆ ಕಣ್ಣೀರಿನ ಮೇಲೂ ಅವಳಿಗೆ ಹೊಟ್ಟೆಕಿಚ್ಚಾಯಿತು.

ಸೈಕಲ್ಲುಗಳ ಹಿಂದೆ ಓಡಿಹೋಗಿದ್ದ ಹವಾ ಒಬ್ಬಳೇ ವಾಪಸು ಬಂದಳು. ತಾಯಿಯ ಪಕ್ಕದಿಂದಲೇ ಒಳಗೆ ಹೋದಳು. ಬರುವಾಗ ಕಂಕುಳಲ್ಲಿ ಸುತ್ತಿದ ಚಾಪೆ, ಕೈಯಲ್ಲಿ ಅವಳ ಎರಡು ಲಂಗ ಇದ್ದವು.

"ಎಲ್ಲಿಗೇ?"

"ಚಿಕ್ಕವ್ವ ಒಬ್ಬಳೇ ಆದ್ಳಲ್ಲ. ಅಜ್ಜಿ ಹೇಳಿದ್ದಾಳೆ."

ರುಕಿಯಾ ಬಾಯಿ ತೆರೆದಳು. ಮಗಳಿಲ್ಲದ ಮನೆಗೆ ಅಕ್ಕನ ಮಗಳು ಹೋಗಿರುವುದು ಅಲ್ಲಿ ಹೊಸದೇನಲ್ಲ. ನೀರು ತರಲು, ಜೊತೆಗೆ ಮಲಗಲು ಒಬ್ಬಳು ಬೇಕೇ ಬೇಕು. ತಾನೇ ಹುಡುಗಿಯಾಗಿದ್ದಾಗ ಹೀಗೆ ಒಬ್ಬ ಚಿಕ್ಕವ್ವನ ಮನೆಯಲ್ಲಿ ಬೆಳೆದವಳು. ಬೇಡ ಎನ್ನಲು ಯಾವ ನ್ಯಾಯವೂ ಸಿಗಲಿಲ್ಲ.

"ಎಷ್ಟು ದಿನ?"

"ಶಮೀಮಾ ಓದು ಮುಗಿಸೋ ತನಕ" ಎಂದಳು ಹವಾ. ಸಿಟ್ಟಿನಿಂದ ಹೇಳಲಿಲ್ಲ. ಬೇರೆ ಯಾರದ್ದೋ ತಾಯಿಗೆ ಹೇಳಿದ ಹಾಗೆ ಮೆತ್ತಗೆ ಹೇಳಿ ಅಂಗಳ ದಾಟಿದಳು.

ಸಂಜೆ ರುಕಿಯಾ ಒಲೆಯ ಮುಂದೆ ಕೂತಿದ್ದಾಗ ಎದುರು ಮನೆಯ ಹಿತ್ತಿಲಿನಿಂದ ಜೋಳ ಕುಟ್ಟುವ ಸದ್ದು ಶುರುವಾಯಿತು. ಒಂದೇ ಒರಳಿಗೆ ಇಬ್ಬರು ಸರದಿಯ ಮೇಲೆ ಒನಕೆ ಹಾಕುತ್ತಿದ್ದರು. ಒಂದು ಪೆಟ್ಟು ಭಾರ, ಒಂದು ಹಗುರ. ಮೊದಮೊದಲು ಹಗುರದ ಪೆಟ್ಟು ತಪ್ಪುತ್ತಿತ್ತು, ಬರುಬರುತ್ತಾ ತಾಳಕ್ಕೆ ಕೂತಿತು. ನಡುವೆ ಒಮ್ಮೆ ಒನಕೆ ನಿಂತಿತು. ಅಜೀದಾ ಏನೋ ಹೇಳಿದಳು. ಹವಾ ನಕ್ಕಳು. ಮತ್ತೆ ಕುಟ್ಟುವ ಸದ್ದು ಕೇಳಿಸತೊಡಗಿತು.